ಉಪ್ಪು ಸಿಡಿಯುವ ಸದ್ದು

ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಹೊಳೆಯ ಸೇತುವೆ ಮುಚ್ಚಿದ ಮೇಲೆ ನಮಗೆ ಸಿಗುತ್ತಿದ್ದ ಅಕ್ಕಿಯಲ್ಲಿ ಅರ್ಧ ಕಲ್ಲೇ ಇರುತ್ತಿತ್ತು. ಒಂದು ಪಾವು ಆರಿಸಲು ಮುಕ್ಕಾಲು ಗಂಟೆ ಬೇಕು. ಚುಕ್ಕಿ ಎದುರಿಗೆ ಕೂತು ನಾನು ತೆಗೆದಿಟ್ಟ ಕಲ್ಲುಗಳನ್ನು ದೊಡ್ಡದು, ಸಣ್ಣದು ಎಂದು ಸಾಲು ಹಚ್ಚುತ್ತಿದ್ದಳು. ಎಂಟು ವರ್ಷದ ಹುಡುಗಿ. ಶಾಲೆ ಸುಟ್ಟುಹೋಗಿ ನಾಲ್ಕು ತಿಂಗಳಾಗಿತ್ತು. ಲೆಕ್ಕ ಮರೆಯದಿರಲಿ ಎಂದು ಈ ಕೆಲಸ ಕೊಟ್ಟಿದ್ದೆ.

ಹಿತ್ತಲ ಬಾಗಿಲು ದೂಡಿಕೊಂಡು ಪಕ್ಕದ ಮನೆಯ ತುಂಗಕ್ಕ ಬಂದಳು. ಚುಕ್ಕಿ ಅವಳನ್ನು ದೊಡ್ಡಮ್ಮ ಎಂದೇ ಕರೆಯುವುದು. ಕೈಗೆಲ್ಲ ರಾಗಿ ಹಿಟ್ಟು ಮೆತ್ತಿತ್ತು.

"ಕೆಂಚಿ, ಏಳು. ಮಗೂನ ಎತ್ಕೊ."

"ಯಾಕಕ್ಕ, ಇನ್ನೊಂದು ಹಿಡಿ ಆರಿಸಿಬಿಟ್ರೆ..."

"ನಿನ್ನಕ್ಕಿ ಹಾಳಾಗೋಗ್ಲಿ. ಕೆಳಬೀದಿಗೆ ಬಂದವ್ರೆ. ನಮ್ಮೋರೇ."

ನಮ್ಮೋರು ಎಂದರೆ ನೀರಿನವರು. ತುಂಗಕ್ಕ ನೀರಿನವಳು, ನಾನು ಕೆಂಡದವಳು. ಇಬ್ಬರಿಗೂ ದೇವರು ಒಂದೇ, ಮಾತು ಒಂದೇ, ಮುದ್ದೆ ಸಾರು ಒಂದೇ. ನಾವು ಕೆಂಡ ಮುಟ್ಟಿ ಆಣೆ ಇಡುತ್ತೇವೆ, ಅವರು ನೀರು ಮುಟ್ಟಿ ಇಡುತ್ತಾರೆ. ಯಜಮಾನ ಆಳಿದ ಮೂವತ್ತೊಂದು ವರ್ಷ ಇದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಯಾವುದನ್ನೂ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ನನ್ನ ಗಂಡ ಒಮ್ಮೆ ಆಡಿದ್ದಕ್ಕೆ ಅವನನ್ನು ಗಡಿಗೆ ಕಳಿಸಿದರು; ಅವನು ಮರಳಲಿಲ್ಲ. ಕಳೆದ ವರ್ಷ ಯಜಮಾನ ಅರಮನೆ ಬಿಟ್ಟು ಓಡಿದ. ಜನ ಬೀದಿಯಲ್ಲಿ ಕುಣಿದರು. ಕುಣಿತ ಮೂರು ದಿನ. ನಾಲ್ಕನೆಯ ದಿನ ಸೇತುವೆಯ ಕಂಬಕ್ಕೆ ಮೊದಲ ಹೆಣ ನೇತಾಡಿತು.

ತುಂಗಕ್ಕನ ಅಡಿಗೆಮನೆಯ ಮೂಲೆಯಲ್ಲಿ ಒಂದಾಳೆತ್ತರದ ಗುಡಾಣವಿತ್ತು. ನೀರಿನವರ ಪ್ರತಿ ಮನೆಯಲ್ಲೂ ಅದು ಇರುತ್ತದೆ. ಪೂಜೆಯ ನೀರು, ಮನೆಯವರಲ್ಲದೆ ಬೇರೆಯವರು ಅದರೊಳಗೆ ಇಣುಕುವುದೂ ಇಲ್ಲ. ಅವಳು ಮುಕ್ಕಾಲಿ ಇಟ್ಟು ನಮ್ಮಿಬ್ಬರನ್ನೂ ಅದರೊಳಗೆ ಇಳಿಸಿ ಹಲಗೆ ಮುಚ್ಚಿದಳು. ನೀರು ನನ್ನ ಎದೆಗೆ ಬಂತು. ಚುಕ್ಕಿಯನ್ನು ಸೊಂಟದ ಮೇಲೆ ಎತ್ತಿ ಹಿಡಿದೆ.

ಆಗ ಲೌಡ್‌ಸ್ಪೀಕರ್ ಕೇಳಿಸಿತು. ಇದು ಅವರ ಹೊಸ ಪದ್ಧತಿ: ಮನೆಯ ಮುಂದೆ ವ್ಯಾನು ನಿಲ್ಲಿಸಿ, ಹಿಂದೆಂದೋ ಹಿಡಿದಿಟ್ಟ ಆ ಮನೆಯ ಹೆಂಗಸಿನ ಧ್ವನಿಯನ್ನೇ ಬೀದಿಗೆಲ್ಲ ಕೇಳಿಸುತ್ತಾರೆ. ಆಮೇಲೆ ಬಾಗಿಲು ಒಡೆಯುತ್ತಾರೆ.

"ಬೀದಿ ಕಣ್ಣು, ಬಾವಿ ಕಣ್ಣು, ಭದ್ರಣ್ಣನ ಮನೆಯೋರ ಕಣ್ಣು, ಎಲ್ಲಾ ಸುಟ್ಟು ಬೂದಿಯಾಗ್ಲಿ."

ಅದು ಕೆಳಬೀದಿಯ ರಾಚಮ್ಮನ ಧ್ವನಿ. ಅವಳ ಪಕ್ಕದ ಮನೆ ಭದ್ರಣ್ಣನದು, ನೀರಿನವರದು. ಧ್ವನಿ ಮೂರು ಸಲ ಕೇಳಿಸಿತು. ನಂತರ ಅದೇ ರಾಚಮ್ಮ ಸ್ಪೀಕರಿಲ್ಲದೆ ಕಿರುಚುವುದು ಕೇಳಿಸಿತು. ಎರಡು ಗುಂಡಿನ ಸದ್ದು. ಅವಳ ಅತ್ತೆಗೆ ಗುಂಡು ಹಾಕಲಿಲ್ಲವಂತೆ. ಮುದುಕಿ ಬಾಗಿಲ ಚಿಲಕ ಹಾಕಿಕೊಂಡಿದ್ದಳು, ಹೊರಗಿನಿಂದಲೂ ಚಿಲಕ ಹಾಕಿ ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟರು. ಹಲಗೆಯ ಸಂದಿಯಿಂದ ಸುಟ್ಟ ಕೂದಲಿನ ವಾಸನೆ ಒಳಗೆ ಬಂತು.

ರಾಚಮ್ಮ ಯಾರಿಗೂ ಬೆದರಿಕೆ ಹಾಕಿರಲಿಲ್ಲ. ಅದು ಮಗುವಿಗೆ ದೃಷ್ಟಿ ತೆಗೆಯುವ ಮಾತು. ಉಪ್ಪು ಮೆಣಸಿನಕಾಯಿ ನಿವಾಳಿಸಿ, ಬೀದಿಯವರ ಹೆಸರು ಹೇಳಿ, ಒಲೆಗೆ ಹಾಕುವಾಗ ಕೆಂಡದವರ ಹೆಂಗಸರೆಲ್ಲ ಹೇಳುವ ಮಾತು. ನೀರಿನವರು ದೃಷ್ಟಿ ತೆಗೆಯುವುದು ಬರೀ ನೀರಿನಲ್ಲಿ, ಬಾಯಿ ಬಿಡದೆ. ನಾನು ಪ್ರತಿ ಅಮಾವಾಸ್ಯೆ ಚುಕ್ಕಿಗೆ ನಿವಾಳಿಸುವಾಗ ತುಂಗಕ್ಕನ ಹೆಸರನ್ನೇ ಹೇಳುತ್ತಿದ್ದೆ, ಯಾಕೆಂದರೆ ಅವಳೇ ಹತ್ತಿರದ ಮನೆಯವಳು. ನಡುವೆ ಒಂದೇ ಗೋಡೆ. ಅವಳು ಆ ಕಡೆಯಿಂದ ಗೋಡೆ ತಟ್ಟಿ ನಗುತ್ತಿದ್ದಳು: "ಕೆಂಚಿ, ಇವತ್ತು ನನ್ನ ಕಣ್ಣು ಎಷ್ಟು ಸಲ ಸುಟ್ಟೆಯೇ? ಒಂದಾದ್ರೂ ಉಳ್ಸು, ಸೂಜಿಗೆ ದಾರ ಪೋಣಿಸ್ಬೇಕು."

ಬಾಗಿಲ ಬಳಿ ಬೂಟಿನ ಸದ್ದಾಯಿತು.

"ಅಕ್ಕಾ, ಪಕ್ಕದ ಮನೇಲಿ ಮೊರದಲ್ಲಿ ಅಕ್ಕಿ ಹಂಗೇ ಬಿದ್ದೈತೆ. ಎಲ್ಲೋದ್ರು?"

"ನನ್ನ ಕೇಳಿದ್ರೆ? ನಾನೇನು ಅವರ ಮನೆ ಸೊಸೇನಾ?"

"ನಿನ್ನ ಮನೆಗೆ ಬಂದ್ರು ಅಂತ ಹೇಳ್ತಾವ್ರೆ."

"ನನ್ನ ಮಗನ್ನ ಕೊಂದೋರ ಪೈಕಿಯೋರ್ನ ನನ್ನ ಮನೇಲಿಟ್ಕೊತೀನಾ? ಯಾವನು ಹೇಳಿದ್ನೋ ಅವನ ಬಾಯಿಗೆ ಹುಳ ಬೀಳ."

"ನೀರು ಮುಟ್ಟಿ ಹೇಳಕ್ಕ, ಸಾಕು."

ಹಲಗೆ ಒಂದು ಗೇಣು ಸರಿಯಿತು. ತುಂಗಕ್ಕನ ಕೈ ಒಳಗೆ ಬಂದು ನೀರು ಮುಟ್ಟಿತು. ಅವಳ ಬೆರಳು ನನ್ನ ಕೆನ್ನೆಗೆ ತಾಗಿತು. "ಈ ನೀರಾಣೆಗೂ, ನನ್ನ ಮನೇಲಿ ಕೆಂಡದವರು ಯಾರೂ ಇಲ್ಲ."

ತನ್ನ ಮನೆಯ ಗುಡಾಣದ ಮೇಲೆ ಸುಳ್ಳು ಆಣೆ ಇಟ್ಟವರ ಜೀವ ಸತ್ತ ಮೇಲೆ ಹೊಳೆ ಸೇರುವುದಿಲ್ಲ, ಬಾಯಾರಿ ಅಲೆಯುತ್ತದೆ ಎಂದು ನೀರಿನವರು ನಂಬುತ್ತಾರೆ. ಬೂಟಿನವರು ಹೋದ ಮೇಲೆ ತುಂಗಕ್ಕ ನಮ್ಮನ್ನು ಎತ್ತಿ, ಚುಕ್ಕಿಯ ತಲೆ ಒರೆಸುತ್ತಾ, "ನಿನ್ನ ಸ್ನಾನದ ಕೆಲ್ಸ ಮುಗೀತು ಬಿಡು" ಎಂದಳು. ಆಮೇಲೆ ಗುಡಾಣದ ನೀರನ್ನೆಲ್ಲ ಬಿಂದಿಗೆ ಬಿಂದಿಗೆಯಾಗಿ ಹಿತ್ತಲಿಗೆ ಚೆಲ್ಲಿದಳು. ನಮ್ಮ ಮುಖ ನೋಡಲಿಲ್ಲ.

"ಅಮ್ಮ, ಆ ಧ್ವನಿ ಅವರಿಗೆ ಹೆಂಗೆ..." ಎಂದು ಚುಕ್ಕಿ ಶುರುಮಾಡಿದಳು.

"ಗೋಡೆ ಬಿಸಿ ಇದೆ. ಆಮೇಲೆ."

ನಮ್ಮ ಮನೆಗಳಲ್ಲಿ ಇದು ರೂಢಿಯ ಮಾತು. ಯಜಮಾನನ ಕಾಲದಲ್ಲಿ ಸರ್ಕಾರವೇ ಎಲ್ಲರಿಗೂ ಒಲೆ ಕಟ್ಟಿಸಿಕೊಟ್ಟಿತು. ಒಲೆಯ ಹಿಂದಿನ ಗೋಡೆಯ ಗಾರೆಯಲ್ಲಿ ಸಾಸಿವೆಯಷ್ಟು ಸಣ್ಣ ಕಿವಿಗಳನ್ನು ಕಲೆಸಿದ್ದರು. ಅವಕ್ಕೆ ತಂತಿ ಬೇಡ, ಬ್ಯಾಟರಿ ಬೇಡ. ಒಲೆಯ ಬಿಸಿಯೇ ಕರೆಂಟು. ಹೆಂಗಸರು ಅಡಿಗೆ ಮಾಡುವಷ್ಟು ಹೊತ್ತು ಅವು ಕೇಳುತ್ತವೆ, ಗೋಡೆ ತಣ್ಣಗಾದರೆ ಮಲಗುತ್ತವೆ. ಕಿತ್ತು ತೆಗೆಯಲು ಹೋದರೆ ಗೋಡೆಯೇ ಬೀಳುತ್ತದೆ. ಅದಕ್ಕೇ ಮಕ್ಕಳು ಮಾತು ಕಲಿಯುವ ಮೊದಲು ಗೋಡೆಗೆ ಅಂಗೈ ಇಟ್ಟು ನೋಡುವುದನ್ನು ಕಲಿಯುತ್ತಿದ್ದರು. ಆದರೂ ಬೇಯಿಸುವಾಗ ಯಾವ ಹೆಂಗಸು ತಾನೇ ಬಾಯಿ ಹೊಲಿದುಕೊಂಡು ಇರುತ್ತಾಳೆ? ಯಜಮಾನ ಓಡಿಹೋದ. ಕಿವಿಗಳು ಉಳಿದವು. ಮೂವತ್ತೊಂದು ವರ್ಷದ ಅಡಿಗೆಮನೆ ಮಾತೆಲ್ಲ ಊರಾಚೆಯ ಕೇಳುಮನೆಯಲ್ಲಿ ಹಾಗೇ ಇತ್ತು.

ನನಗೆ ಅದು ಗೊತ್ತಿತ್ತು. ಒಂಬತ್ತು ವರ್ಷದಿಂದ ನಾನು ಕೇಳುಮನೆಯಲ್ಲೇ ಕೆಲಸಕ್ಕಿದ್ದೆ.

ಹತ್ತು ಗಂಟೆಗೆ ನನ್ನನ್ನು ಕೆಲಸಕ್ಕೆ ಕರೆಯಲು ಬಂದ ಜೀಪಿನ ಮೇಲೆ ಎರಡು ಬಾವುಟವಿತ್ತು, ಕೆಂಪು ಮತ್ತು ನೀಲಿ. ಜಂಟಿ ಸಮಿತಿಯ ಜೀಪು, ಅದನ್ನು ಯಾರೂ ತಡೆಯುವುದಿಲ್ಲ. ಚುಕ್ಕಿಯನ್ನು ಬಿಟ್ಟುಹೋಗಲು ಧೈರ್ಯ ಬರಲಿಲ್ಲ. ಒದ್ದೆ ಕೂದಲಿನಲ್ಲೇ ಕರೆದುಕೊಂಡು ಹೋದೆ. ದಾರಿಯಲ್ಲಿ ಕೆಳಬೀದಿ ದಾಟಬೇಕಿತ್ತು. ಅವಳ ಕಣ್ಣಿಗೆ ಸೆರಗು ಮುಚ್ಚಿದೆ. ರಾಚಮ್ಮ ಜಗಲಿಯ ಮೇಲೆ ಬೋರಲು ಬಿದ್ದಿದ್ದಳು, ಒಂದು ಕೈ ಮೆಟ್ಟಿಲಿನಿಂದ ಕೆಳಗೆ ಇಳಿಬಿದ್ದಿತ್ತು. ನಾಯಿಯೊಂದು ಆ ಕೈಯನ್ನು ಮೂಸುತ್ತಿತ್ತು.

ಕೇಳುಮನೆಯ ದೊಡ್ಡ ಹಾಲ್‌ನಲ್ಲಿ ಇಬ್ಬರು ಗಂಡಸರು ಎದುರು ಬದುರು ಕೂತು ಟೀ ಕುಡಿಯುತ್ತಿದ್ದರು. ವರದಪ್ಪ ನೀರಿನವರ ದಳದ ಮುಖಂಡ, ಕೆಂಪರಾಯ ಕೆಂಡದವರ ಮುಖಂಡ. ಯಜಮಾನನನ್ನು ಓಡಿಸಿದ್ದು ಇಬ್ಬರೂ ಸೇರಿ. ಆ ಗೆಳೆತನ ಇನ್ನೂ ಕಾಗದದ ಮೇಲೆ ಇತ್ತು. ಒಂದೇ ಫ್ಲಾಸ್ಕಿನ ಟೀ ಎರಡು ಲೋಟಕ್ಕೆ ಸುರಿದು, ಅವನ ಲೋಟದಿಂದ ಇವನು, ಇವನ ಲೋಟದಿಂದ ಅವನು ಒಂದೊಂದು ಗುಟುಕು ಕುಡಿದು, ಆಮೇಲೆ ತಂತಮ್ಮದನ್ನು ಎತ್ತಿಕೊಳ್ಳುತ್ತಿದ್ದರು. ಇಬ್ಬರ ಕೊರಳಲ್ಲೂ ಒಂದೊಂದು ಕೀ. ಎರಡೂ ತಿರುಗಿದರೆ ಮಾತ್ರ, ಆಡಿದ ಮಾತಿನಿಂದ ಯಂತ್ರ ಹೆಕ್ಕಿದ ಶತ್ರುಗಳ ಪಟ್ಟಿ ಹೊರಬರುತ್ತದೆ.

ಹಾಗಾದರೆ ಕೆಂಡದವರ ಕೆಳಬೀದಿಯ ಪಟ್ಟಿಗೆ ಕೆಂಪರಾಯ ಯಾಕೆ ಕೀ ತಿರುಗಿಸಿದ ಎಂದು ನನಗೆ ಆಗ ಹೊಳೆಯಲಿಲ್ಲ. ಆಮೇಲೆ ತಿಳಿಯಿತು: ಕೆಳಬೀದಿಯವರು ಅವನ ದಳಕ್ಕೆ ಆಳು ಕೊಟ್ಟಿರಲಿಲ್ಲ.

"ಬಾ ಕೆಂಚಮ್ಮ" ಎಂದ ಕೆಂಪರಾಯ. "ನಾಳೆ ಮೇಲ್ಬೀದಿ ಪಟ್ಟಿ, ನಿಮ್ಮ ಜೋಡಿಗೋಡೆ ಬೀದಿನೂ ಸೇರಿ. ಮೇಲ್ಬೀದಿ ನಂದು. ಇನ್ನೂರ ಹನ್ನೆರಡು ಮನೆ ಬಂದೈತೆ, ಎಲ್ಲಾ ಕೆಂಡದವರದೇ. ನಿನ್ನ ಯಂತ್ರಕ್ಕೆ ನೀರಿನವರ ಉಪ್ಪು ತಿನ್ಸಿದ್ದಾರಾ ಹೆಂಗೆ?"

"ಸುಡ್ತೀವಿ ಅಂದೋರ ಹೆಸರು ಬಂದದೆ" ಎಂದ ವರದಪ್ಪ. "ಯಂತ್ರಕ್ಕೆ ಜಾತಿ ಇಲ್ಲ."

ಉಪ್ಪು ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ತಪ್ಪು ಎಲ್ಲಿದೆ ಎಂದು ಕಂಡಿತು. ತಪ್ಪು ನನ್ನದೇ ಆಗಿತ್ತು.

ನನ್ನ ಕೆಲಸ ಮಾತು ಕೇಳುವುದಾಗಿರಲಿಲ್ಲ. ಮಾತಿನಿಂದ ಸದ್ದು ತೆಗೆಯುವುದಾಗಿತ್ತು. ಕುಕ್ಕರ್ ಸೀಟಿ, ಪಾತ್ರೆಯ ಸದ್ದು, ಒಗ್ಗರಣೆಯ ಚಟಪಟ ಇವನ್ನೆಲ್ಲ ಸೋಸಲು ಯಂತ್ರಕ್ಕೆ ನಾನೇ ಒಂದು ಜರಡಿ ಕಲಿಸಿದ್ದೆ. ಕಸವಿಲ್ಲದ ಮಾತು ಮಾತ್ರ ಮುಂದಕ್ಕೆ ಹೋಗುತ್ತಿತ್ತು. ಒಗ್ಗರಣೆ ಚಟಪಟದ ಜೊತೆ ಕೆಂಡಕ್ಕೆ ಬಿದ್ದ ಉಪ್ಪಿನ ಚಟಪಟವೂ ಸೋರಿಹೋಗಿತ್ತು. ಉಳಿದದ್ದು 'ಸುಟ್ಟು ಬೂದಿಯಾಗ್ಲಿ' ಎಂಬ ಮಾತು. ಪಕ್ಕದಲ್ಲಿ ಮಗು ಇರುವುದು, ಮೆಣಸಿನಕಾಯಿ ಘಾಟು ಏಳುವುದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಅದನ್ನೇ ಹೇಳಿದೆ. ಹಸಿ ಧ್ವನಿ ಹಾಗೇ ಇದೆ, ಉಪ್ಪಿನ ಸದ್ದಿರುವ ಮಾತನ್ನೆಲ್ಲ ಗುರುತಿಸಿ ತೆಗೆಯಬಹುದು, ಇನ್ನು ತಪ್ಪು ಬರುವುದಿಲ್ಲ ಎಂದೆ.

ವರದಪ್ಪ ಲೋಟ ಪಕ್ಕಕ್ಕೆ ಸರಿಸಿದ. "ಸೇತುವೆ ಚೌಕಿ ನನಗೆ ಬಿಟ್ಕೊಡು" ಎಂದು ಕೆಂಪರಾಯನಿಗೆ ಹೇಳಿದ, "ಇವಳು ಸೋಸ್ಲಿ."

"ತಗೊ."

"ಸೋಸಿದ ಮೇಲೆ ಬರೋದೇ ಕೊನೆ ಪಟ್ಟಿ. ಯಾರ ಹೆಸರಿದ್ರೂ ಕೀ ತಿರುಗಿಸ್ಬೇಕು. ಎರಡು ಕಡೆದೂ. ನಿನ್ನ ಹೆಸರಿದ್ರೂ, ಕೆಂಚಮ್ಮ."

"ನಂದಿದ್ರೂ" ಎಂದೆ. ಉಪ್ಪಿನ ಮೇಲೆ ನನಗೆ ಅಷ್ಟು ನಂಬಿಕೆ.

ಯಂತ್ರಕ್ಕೆ ಮಾದರಿ ಸದ್ದು ಬೇಕಿತ್ತು. ಟೀ ಕಾಯಿಸುವ ಒಲೆಯಿಂದ ಕೆಂಡ ತಂದರು. ಚುಕ್ಕಿಯನ್ನು ಮೇಜಿನ ಕೆಳಗಿನಿಂದ ಕರೆದು ನಿಲ್ಲಿಸಿದೆ. ಅವಳಿಗೆ ನಿವಾಳಿಸಲು ಉಪ್ಪು ತೆಗೆದುಕೊಂಡರೆ ಅರ್ಧ ನೆಲಕ್ಕೆ ಚೆಲ್ಲಿತು.

"ಕೊಡಿಲ್ಲಿ" ಎಂದು ಕೆಂಪರಾಯ ಎದ್ದ. ಬೆಳಿಗ್ಗೆ ಕೆಳಬೀದಿಯನ್ನು ಮಾರಿದ ಅದೇ ಕೈಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು, ನನ್ನ ಮಗಳ ತಲೆಯ ಸುತ್ತ ಮೂರು ಸಲ ಸುಳಿಸಿದ. ಅವನ ತಾಯಿ ಹೇಳಿದ ಹಾಗೇ ಹೇಳಿದನೇನೋ, ಧ್ವನಿ ಮೆತ್ತಗಾಗಿತ್ತು. "ನಾಯಿ ಕಣ್ಣು, ನರಿ ಕಣ್ಣು, ಈ ವರದಪ್ಪನ ಹಾಳು ಕಣ್ಣು, ಸುಟ್ಟು ಬೂದಿಯಾಗ್ಲಿ."

ಉಪ್ಪು ಕೆಂಡಕ್ಕೆ ಬಿದ್ದು ಚಟಚಟ ಸಿಡಿಯಿತು. ಮೆಣಸಿನಕಾಯಿ ಘಾಟಿಗೆ ಎಲ್ಲರೂ ಕೆಮ್ಮಿದರು. ವರದಪ್ಪ ಕೆಮ್ಮುತ್ತಲೇ ನಕ್ಕ. "ಲೇ, ಎಂಟು ತಿಂಗಳಿಂದ ಇದನ್ನೇ ಕಾಯ್ತಿದ್ದೆ ಅನ್ಸತ್ತೆ ನೀನು." ಕಾವಲಿನ ಹುಡುಗರೂ ನಕ್ಕರು. ಒಂದು ಕ್ಷಣ ಅದು ಯಾರದೋ ಮನೆಯ ನಾಮಕರಣದಂತೆ ಇತ್ತು. ಚುಕ್ಕಿ ಮಾತ್ರ ನಗದೆ ಕೆಂಪರಾಯನ ಸೊಂಟದ ಪಿಸ್ತೂಲನ್ನು ನೋಡುತ್ತಿದ್ದಳು.

ಮೂರು ಗಂಟೆ ಯಂತ್ರ ಓಡಿತು. ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಅಳಿಸಿಹೋದವು. ಇನ್ನೂರ ಹನ್ನೆರಡು ಮನೆಗಳಲ್ಲಿ ಇನ್ನೂರ ಐದು ಹೋದವು. ನನ್ನ ಕಣ್ಣು ತುಂಬಿತು. ಇನ್ನೂರ ಐದು ಮನೆಯ ತಾಯಂದಿರು. ಆದರೆ ಜರಡಿ ಹೊಸದಾದಾಗ ಅದು ಎರಡು ಕಡೆಗೂ ಹೊಸದು. ಕಸದ ಸದ್ದಿನಡಿ ಮುಚ್ಚಿಹೋಗಿದ್ದ ಬೇರೆ ಮಾತುಗಳು ಈಗ ಮೇಲೆದ್ದವು. ಉಪ್ಪಿಲ್ಲದ, ನಿಜವಾಗಿ ಆಡಿದ ಮಾತುಗಳು. ಅವು ಹೆಚ್ಚಾಗಿ ನೀರಿನವರ ಮನೆಗಳವು. ಕೊನೆಗೆ ಉಳಿದ ಏಳೂ ಸೇರಿ ಮೂವತ್ತೇಳು ಹೆಸರು ನಿಂತವು.

ಒಂಬತ್ತನೆಯದು: ಕೆಂಚಮ್ಮ, ಜೋಡಿಗೋಡೆ ಬೀದಿ.

ಹತ್ತನೆಯದು: ತುಂಗಮ್ಮ, ಜೋಡಿಗೋಡೆ ಬೀದಿ.

"ನಿನ್ನ ಹೆಸರೇ ಐತಲ್ಲ" ಎಂದ ವರದಪ್ಪ, ಲೋಟ ಕೆಳಗಿಟ್ಟು.

ಹೋದ ಅಮಾವಾಸ್ಯೆಯದು. ಆ ತಿಂಗಳು ಬೀದಿಗೆ ಉಪ್ಪೇ ಬಂದಿರಲಿಲ್ಲ. ಇದ್ದದ್ದು ತುಂಗಕ್ಕನ ಮನೆಯಲ್ಲಿ ಒಂದು ಹಿಡಿ. ಅವಳ ಕಣ್ಣು ಸುಡಲು ಅವಳಲ್ಲೇ ಉಪ್ಪು ಕೇಳಲು ನಾಚಿಕೆಯಾಗಿ, ನಾಲ್ಕು ಪೊರಕೆಕಡ್ಡಿ ನಿವಾಳಿಸಿ ಒಲೆಗೆ ಹಾಕಿದ್ದೆ. ಪೊರಕೆಕಡ್ಡಿ ಸಿಡಿಯುವುದಿಲ್ಲ.

ತುಂಗಕ್ಕನದು ಅವಳ ಮಗ ಹೇಮು ಸತ್ತ ದಿನದ ಮಾತು. ಕೆಂಡದವರ ಹುಡುಗರು ಅವನನ್ನು ಸೇತುವೆ ಮೇಲೆ ಕಡಿದು ಹಾಕಿದ್ದರು. ಹೆಣ ಎರಡು ಚೀಲದಲ್ಲಿ ಬಂದಿತ್ತು. ಆ ದಿನ ಅವಳ ಅಡಿಗೆಮನೆಯಲ್ಲಿ, ಹೆಣ ತೊಳೆಯಲು ನೀರು ಕಾಯಿಸುತ್ತಾ ಅವಳು ಆಡಿದ ಮಾತನ್ನು ನಾನು ಪಕ್ಕದಲ್ಲೇ ಕೂತು ಕೇಳಿದ್ದೆ. ಚುಕ್ಕಿ ನನ್ನ ತೊಡೆಯ ಮೇಲಿದ್ದಳು.

ಪಟ್ಟಿಯಲ್ಲಿ ಒಂದು ಹೆಸರಿದ್ದರೆ ಇಡೀ ಮನೆ ಸುಡುತ್ತಿದ್ದರು. ಮನೆಯಲ್ಲಿ ಎಷ್ಟು ಜನ ಎಂದು ಯಾರೂ ಕೇಳುತ್ತಿರಲಿಲ್ಲ.

ಕೇಳುಮನೆಯಲ್ಲಿ ಒಂದು ಹಳೆಯ ನಿಯಮವಿತ್ತು. ಯಂತ್ರ ಒಮ್ಮೊಮ್ಮೆ ಓಡುವಾಗ ತಡವರಿಸುತ್ತಿದ್ದುದರಿಂದ, ಪ್ರತಿ ಪಟ್ಟಿಯಲ್ಲಿ ಒಂದೇ ಒಂದು ಹೆಸರಿಗೆ 'ಯಂತ್ರದೋಷ' ಎಂದು ಗೆರೆ ಎಳೆಯುವ ಹಕ್ಕು ಕೆಲಸದವರಿಗಿತ್ತು. ಅದಕ್ಕೆ ಕೀ ಬೇಡ. ಎರಡನೆಯದಕ್ಕೆ ಎರಡೂ ಕೀ ಬೇಕು.

"ಒಂದು ಗೆರೆ ನಿಂದು" ಎಂದ ಕೆಂಪರಾಯ. "ಹೊಡ್ಕೊ, ಹೊತ್ತಾಯ್ತು."

ನಾನು ವರದಪ್ಪನ ಕಡೆ ತಿರುಗಿದೆ. "ಅಣ್ಣ, ಹತ್ತನೇದು ನಿಮ್ಮವಳೇ. ಮಗ ಸತ್ತ ದಿನ ಆಡಿದ ಮಾತು ಅದು. ಅದಕ್ಕೊಂದು ಕೀ ತಿರುಗ್ಸಿ. ಕೆಂಪರಾಯಣ್ಣ, ನೀವೂ. ಇವತ್ತು ಬೆಳಿಗ್ಗೆ ಅವಳು..." ಬೆಳಿಗ್ಗೆ ಅವಳು ಏನು ಮಾಡಿದಳೆಂದು ಹೇಳಿದರೆ ವರದಪ್ಪನ ಮುಂದೆ ಅದೇ ಅವಳ ಎರಡನೆಯ ತಪ್ಪಾಗುತ್ತಿತ್ತು. ಬಾಯಿ ಕಚ್ಚಿಕೊಂಡೆ.

"ಸೇತುವೆ ಮೇಲೆ ಸತ್ತ ಹೇಮುವಿನ ತಾಯಿ ತಾನೆ? ನನ್ನ ದಳಕ್ಕೆ ಬಾ ಅಂದ್ರೆ, ನಾನು ಬಡಗಿ ಕೆಲ್ಸ ಮಾಡ್ಕೊಂಡಿರ್ತೀನಿ ಅಂದಿದ್ದ." ವರದಪ್ಪ ಪಟ್ಟಿಯನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ನೋಡಿದ. "ಇದರಲ್ಲಿ ನನಗೆ ಬೇಕಾದೋರು ಯಾರೂ ಕಾಣ್ತಿಲ್ಲ."

ಚುಕ್ಕಿ ಬಂದು ನನ್ನ ಸೀರೆ ಹಿಡಿದುಕೊಂಡು ಪರದೆ ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತಿತ್ತು. ತುಟಿ ಅಲ್ಲಾಡುತ್ತಿತ್ತು, ಒಂಬತ್ತು, ಹತ್ತು.

ನಾನು ಒಂಬತ್ತಕ್ಕೆ ಗೆರೆ ಎಳೆದೆ.

ಎರಡು ಕೀ ಒಟ್ಟಿಗೆ ತಿರುಗಿದವು.

ತಕ್ಷಣ ಓಡಿ ಮನೆ ಸೇರಿ ತುಂಗಕ್ಕನನ್ನು ಹಿತ್ತಲಿನಿಂದ ದಾಟಿಸಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಪಟ್ಟಿ ನಾಳೆಗೆ ಎಂದಿದ್ದರಲ್ಲ. ಆದರೆ ಹೊರಗೆ ಬಂದರೆ ಅಂಗಳದಲ್ಲಿ ವ್ಯಾನು ಸಿದ್ಧವಾಗಿ ನಿಂತಿತ್ತು. ಕೆಂಪರಾಯನ ಹುಡುಗರು ಏಳು ಜನ, ಮೇಲೆ ಲೌಡ್‌ಸ್ಪೀಕರ್.

"ಹತ್ತಕ್ಕ, ನಿಮ್ಮ ಬೀದಿ ಕಡೆಗೇ ಹೋಗೋದು" ಎಂದ ಡ್ರೈವರ್. "ಈ ಬಿಸಿಲಲ್ಲಿ ಮಗೂನ ನಡೆಸ್ತೀಯಾ?"

"ನಾಳೆ ಅಂದ್ರಲ್ಲಪ್ಪ."

"ಕಾಯ್ದ್ರೆ ಓಡೋಗ್ತಾರೆ." ಹಿಂದಿನಿಂದ ಒಬ್ಬ ಹೇಳಿದ. "ನೀನು ಸೋಸಿದ್ದು ಬಿಸಿಬಿಸಿ ಇರೋವಾಗ್ಲೇ ಬಡಿಸ್ಬೇಕು." ಅವರು ನಕ್ಕರು.

ನಾನು ಕೇಳಿಕೊಂಡೆ. ನಮ್ಮ ಬೀದಿಗೆ ಕೊನೆಗೆ ಬನ್ನಿ ಎಂದೆ. ನೀರು ಬೇಕು, ಮಗುವಿಗೆ ವಾಂತಿ ಬರುತ್ತಿದೆ, ನಿಲ್ಲಿಸಿ ಎಂದೆ. ಡ್ರೈವರ್ ಒಂದು ಪ್ಲಾಸ್ಟಿಕ್ ಚೀಲ ಹಿಂದಕ್ಕೆ ಕೊಟ್ಟ. ಏಳು ನಿಮಿಷದಲ್ಲಿ ನಮ್ಮ ಬೀದಿ ಬಂತು.

ವ್ಯಾನು ಇಬ್ಬರ ಮನೆಯ ನಡುವೆ ನಿಂತಿತು. ನಾನು ಇಳಿದು ಓಡುವಷ್ಟರಲ್ಲಿ ಒಬ್ಬ ನನ್ನ ಮುಂದೆ ಬಂದೂಕು ಅಡ್ಡ ಇಟ್ಟ. ಸ್ಪೀಕರ್ ಕರಕರ ಎಂದಿತು. ಚುಕ್ಕಿಯನ್ನು ಹೊಟ್ಟೆಗೆ ಒತ್ತಿಕೊಂಡೆ. ನನಗಿದ್ದದ್ದು ಎರಡೇ ಕೈ. ಅವಳ ಕಣ್ಣು ಮುಚ್ಚಿದೆ. ಕಿವಿ ಉಳಿದವು.

"ಕೆಂಡದವರ ಮಕ್ಕಳೆಲ್ಲ ಸಾಯ್ಲಿ. ಅವರ ಒಲೆ ಅವರನ್ನೇ ಸುಡ್ಲಿ." ತುಂಗಕ್ಕನ ಧ್ವನಿ, ಬಿಕ್ಕುತ್ತಾ. ಅದರ ಹಿಂದೆಯೇ, ಯಾವ ಕಸವೂ ಇಲ್ಲದೆ ಶುದ್ಧವಾಗಿ, ಇನ್ನೊಂದು ಧ್ವನಿ: "ಅಳಕ್ಕ. ಅಳು. ನಾನಿದೀನಿ."

ಅದು ನನ್ನ ಧ್ವನಿ. ಬೀದಿಗೆಲ್ಲ ಮೂರು ಸಲ ಕೇಳಿಸಿತು. ಸೆರಗಿನೊಳಗೆ ಚುಕ್ಕಿಯ ಮೈ ಕಲ್ಲಾಯಿತು.

ತುಂಗಕ್ಕ ತಾನೇ ಬಾಗಿಲು ತೆಗೆದು ಹೊರಬಂದಳು. ಕೈಗೆ ಮತ್ತೆ ಹಿಟ್ಟು ಮೆತ್ತಿತ್ತು. ಹುಡುಗರನ್ನು ನೋಡಿದಳು, ಸ್ಪೀಕರ್ ನೋಡಿದಳು, ನನ್ನನ್ನು ನೋಡಿದಳು.

"ಬಂದ್ಯಾ ಕೆಂಚಿ" ಎಂದಳು. "ನಿನ್ನಕ್ಕಿ ಆರಿಸಿಟ್ಟಿದೀನಿ."

ಚುಕ್ಕಿಯನ್ನು ಅಲ್ಲೇ ಬಿಟ್ಟು, ಬಂದೂಕಿನಡಿ ನುಸುಳಿ ನಾನು ಅವಳ ಅಡಿಗೆಮನೆಗೆ ನುಗ್ಗಿದೆ. ಒಲೆಯಿಂದ ಕೆಂಡ ಎತ್ತಿ ಬಲ ಅಂಗೈಯಲ್ಲಿ ಹಿಡಿದು ಹೊರಗೆ ಬಂದೆ. "ಈ ಕೆಂಡದಾಣೆಗೂ, ಆ ಧ್ವನಿ ಇವಳದಲ್ಲ. ಇವಳು ಕೆಂಡದವಳು. ನನ್ನ ಸ್ವಂತ ಅಕ್ಕ." ಚರ್ಮ ಸುಡುವ ವಾಸನೆ ನನಗೇ ಬಂತು. ಕೈ ಬಿಡಲಿಲ್ಲ.

ಅವರಲ್ಲಿ ದೊಡ್ಡವನು ಕನಿಕರದಿಂದಲೇ ನನ್ನ ಮಣಿಕಟ್ಟು ಹಿಡಿದು ಕೆಂಡ ಕೆಡವಿದ. "ಯಾಕಕ್ಕ ಸುಳ್ಳಾಣೆ? ಈಗಷ್ಟೇ ನೀನೇ ಸೋಸಿದ್ದಲ್ವಾ? ಇನ್ನು ತಪ್ಪು ಬರಲ್ಲ ಅಂತ ನೀನೇ ಹೇಳ್ದೆ."

ಆಮೇಲೆ ಅವನು ತುಂಗಕ್ಕನ ಕೂದಲು ಹಿಡಿದು ಮೆಟ್ಟಿಲಿನ ಮೇಲೆ ಕೆಡವಿದ. ಮೊದಲ ಏಟು ಬಂದೂಕಿನ ಹಿಡಿಯಿಂದ, ಬಾಯಿಗೆ, ಮಾತಾಡಿದ್ದಕ್ಕೆ. ಹಲ್ಲುಗಳು ಮೆಟ್ಟಿಲಿನ ಮೇಲೆ ಉರುಳಿದ ಸದ್ದು ನಾನು ಬದುಕಿರುವವರೆಗೆ ಸೋಸಲಾರೆ. ಅವಳು ನೀರು ಎನ್ನುವಂತೆ ಕೈ ಎತ್ತಿದಳು. ಗುಂಡು ಕುತ್ತಿಗೆಗೆ ಬಿತ್ತು. ಉಳಿದವರು ಮನೆಗೆ ಬೆಂಕಿ ಕೊಟ್ಟರು. ನಡುಗೋಡೆ ಬಿಸಿಯಾಗಿ ನಮ್ಮ ಕಡೆ ಗಾರೆ ಸಿಡಿಯಿತು, ಆದರೆ ಬೀಳಲಿಲ್ಲ. ಗುಡಾಣದಲ್ಲಿ ಹನಿ ನೀರೂ ಇರಲಿಲ್ಲ, ಬೆಳಿಗ್ಗೆಯೇ ಚೆಲ್ಲಿಬಿಟ್ಟಿದ್ದಳು.

ಹನ್ನೆರಡು ದಿನವಾಯಿತು. ಮೇಲ್ಬೀದಿಯ ಇನ್ನೂರ ಐದು ಮನೆಗಳಿಂದ ಹೆಂಗಸರು ಬಂದು ನನ್ನ ಕಾಲು ಮುಟ್ಟಿ ಹೋಗುತ್ತಾರೆ. ಒಬ್ಬಳು ಒಂದು ಸೇರು ಉ‍ಪ್ಪು ತಂದಿಟ್ಟಳು. ಅದು ಮೂಲೆಯಲ್ಲಿ ಹಾಗೇ ಇದೆ. ಕೇಳುಮನೆಯಲ್ಲಿ ಆ ಇಬ್ಬರೂ ಈಗಲೂ ಒಬ್ಬರ ಲೋಟದಿಂದ ಒಬ್ಬರು ಟೀ ಕುಡಿಯುತ್ತಾರಂತೆ. ಇನ್ನೊಂದು ಪಟ್ಟಿಗೆ ನನ್ನ ಕೈ ಮಾಯುವುದನ್ನು ಕಾಯುತ್ತಿದ್ದಾರೆ.

ಬಲಗೈಗೆ ಬಟ್ಟೆ ಸುತ್ತಿರುವುದರಿಂದ ಅಕ್ಕಿ ಆರಿಸುವುದು ಈಗ ಚುಕ್ಕಿಯ ಕೆಲಸ. ಕಲ್ಲುಗಳನ್ನು ಅವಳು ಸಾಲು ಹಚ್ಚುವುದಿಲ್ಲ. ದಿನಕ್ಕೆ ಎರಡು ಮೂರು ಸಲ ನನ್ನ ಮುಖ ನೋಡಿ ಬಾಯಿ ತೆರೆಯುತ್ತಾಳೆ. ನಾನು ಏನಾದರೂ ಕೆಲಸ ಹೇಳುತ್ತೇನೆ. ಪಾತ್ರೆ ತೊಳಿ ಎನ್ನುತ್ತೇನೆ, ಬಟ್ಟೆ ಒಣಹಾಕು ಎನ್ನುತ್ತೇನೆ, ಗೋಡೆ ಬಿಸಿ ಇದೆ, ಆಮೇಲೆ ಎನ್ನುತ್ತೇನೆ. ಅವಳು ತಲೆಯಾಡಿಸಿ ಹೋಗುತ್ತಾಳೆ. ಅಷ್ಟು ಒಳ್ಳೆಯ ಹುಡುಗಿ.

ಇವತ್ತು ಬೆಳಿಗ್ಗೆ ಗಂಜಿ ಇಳಿಸಿ, ಎಡಗೈಯಲ್ಲಿ ಅವಳ ಕೂದಲು ಬಾಚಲು ಕೂತೆ. ಬೈತಲೆ ತೆಗೆಯುವಷ್ಟರಲ್ಲಿ ಅವಳು ಎದ್ದುಹೋದಳು. ಒಂದು ಚೊಂಬು ನೀರು ತಂದು ಒಲೆಗೆ ಸುರಿದಳು. ಹೊಗೆ ಬುಸ್ಸೆಂದು ಎದ್ದಿತು. ಇನ್ನೊಂದು ಚೊಂಬು ತಂದು ಒಲೆಗೋಡೆಗೆ ಚೆಲ್ಲಿದಳು. ಇನ್ನೊಂದು. ಆಮೇಲೆ ಅವಳು ಅಂಗೈಯನ್ನು ಗೋಡೆಗೆ ಇಟ್ಟು ನಿಂತಳು, ಜ್ವರ ನೋಡುವ ಹಾಗೆ, ಬಹಳ ಹೊತ್ತು. ಗಾರೆ ತಣ್ಣಗಾಗುವವರೆಗೆ.

ಮರಳಿ ಬಂದು ನನ್ನ ಎದುರಿಗೆ ಕೂತಳು. ಬಾಚಣಿಗೆ ನನ್ನ ಕೈಯಲ್ಲೇ ಇತ್ತು.

"ಅಮ್ಮ," ಎಂದಳು, ಪಿಸುಗುಡದೆ, ಬೀದಿಗೂ ಕೇಳುವಷ್ಟು ಜೋರಾಗಿ. "ನಾನು ಇಲ್ದೇ ಇದ್ದಿದ್ರೆ, ನೀನು ದೊಡ್ಡಮ್ಮನ ಹೆಸರಿಗೆ ಗೆರೆ ಎಳೀತಿದ್ಯಾ?"